ಚಿತ್ರಕಥೆಯ ಮೊದಲ ಪುಟ: ಸಂಪರ್ಕ ವಿವರ ಎಲ್ಲಿರಬೇಕು, ಎಷ್ಟಿರಬೇಕು

ಚಿತ್ರಕಥೆಯ ಮೊದಲ ಪುಟದಲ್ಲಿ ಕಥೆ ಇರುವುದಿಲ್ಲ. ಅಲ್ಲಿರುವುದು ಮೂರೇ ಸಂಗತಿ: ಚಿತ್ರದ ಹೆಸರು, ಬರೆದವರ ಹೆಸರು, ಬರೆದವರನ್ನು ಹುಡುಕುವ ದಾರಿ. ಮೊದಲ ಎರಡಕ್ಕಾಗಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವರು ಮೂರನೆಯದನ್ನು ಕೊನೇ ಗಳಿಗೆಯಲ್ಲಿ ಅವಸರದಿಂದ ಸೇರಿಸುತ್ತಾರೆ, ಇಲ್ಲವೇ ಮರೆತೇಬಿಡುತ್ತಾರೆ. ವಾಟ್ಸ್ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಕಳಿಸುವಾಗ ನಂಬರ್ ಹೇಗೂ ಗೊತ್ತಾಗುತ್ತದೆ ಎಂಬ ಧೈರ್ಯ ಅವರದು. ಆದರೆ ಸ್ಕ್ರಿಪ್ಟ್ ಒಂದೇ ಕೈಯಲ್ಲಿ ನಿಲ್ಲುವುದಿಲ್ಲ. ನಿರ್ಮಾಪಕರು ಅದನ್ನು ಮ್ಯಾನೇಜರ್‌ಗೆ ಕೊಡುತ್ತಾರೆ, ಮ್ಯಾನೇಜರ್ ನಿರ್ದೇಶಕರಿಗೆ ಫಾರ್ವರ್ಡ್ ಮಾಡುತ್ತಾರೆ, ನಿರ್ದೇಶಕರು ಪ್ರಿಂಟ್ ತೆಗೆಸಿ ನಾಯಕನಟರ ಮನೆಗೆ ಕಳಿಸುತ್ತಾರೆ. ಮೂರನೇ ಕೈ ಸೇರುವಷ್ಟರಲ್ಲಿ ಜೊತೆಗಿದ್ದ ಪತ್ರ, ಸಂದೇಶ ಎಲ್ಲ ಉದುರಿ ಬರೀ ಪುಟಗಳು ಉಳಿದಿರುತ್ತವೆ. ಓದಿ ಮೆಚ್ಚಿದವರು ಬರೆದವರನ್ನು ತಲುಪಬೇಕಾದರೆ ಆಗ ಉಳಿಯುವ ಆಸರೆ ಮೊದಲ ಪುಟದ ಕೆಳತುದಿಯ ಎರಡು ಮೂರು ಸಾಲು ಮಾತ್ರ.

ಈ ಪುಟಕ್ಕೆ ಒಂದು ಸ್ಥಿರವಾದ ರೂಪ ಬಂದದ್ದು ಅಮೆರಿಕದ ಚಿತ್ರೋದ್ಯಮದಲ್ಲಿ. ಎಂಟೂವರೆಗೆ ಹನ್ನೊಂದು ಇಂಚಿನ ಕಾಗದ, ಟೈಪ್‌ರೈಟರ್ ಕಾಲದಿಂದ ಉಳಿದುಬಂದ 12 ಪಾಯಿಂಟ್ ಕೊರಿಯರ್ ಅಕ್ಷರ. ಪುಟದ ಮೇಲಿನಿಂದ ಸುಮಾರು ಮೂರನೇ ಒಂದು ಭಾಗ ಕೆಳಗೆ, ನಡುವಿನಲ್ಲಿ, ಚಿತ್ರದ ಹೆಸರು. ನಾಲ್ಕೈದು ಸಾಲು ಬಿಟ್ಟು ‘ರಚನೆ’ ಎಂಬ ಮಾತು, ಅದರ ಕೆಳಗೆ ಬರೆದವರ ಹೆಸರು. ಆಮೇಲೆ ದೊಡ್ಡ ಖಾಲಿ ಜಾಗ. ಪುಟದ ತಳಭಾಗದ ಎಡಮೂಲೆಯಲ್ಲಿ, ಸಾಲುಗಳ ನಡುವೆ ಹೆಚ್ಚು ಅಂತರವಿಲ್ಲದೆ, ಸಂಪರ್ಕ ವಿವರ. ಕೆಲವರು ಬಲಮೂಲೆಯಲ್ಲಿ ಹಾಕುತ್ತಾರೆ, ಅದೂ ತಪ್ಪಲ್ಲ. ಪುಟಸಂಖ್ಯೆ ಇರುವುದಿಲ್ಲ, ಚಿತ್ರ, ಅಂಚುಪಟ್ಟಿ, ಬಣ್ಣ ಯಾವುದೂ ಇರುವುದಿಲ್ಲ. ಫೈನಲ್ ಡ್ರಾಫ್ಟ್‌ನಂಥ ತಂತ್ರಾಂಶಗಳು ಈ ಪುಟವನ್ನು ಸಿದ್ಧವಾಗಿಯೇ ಕೊಡುತ್ತವೆ. 2012ರಲ್ಲಿ ಬಂದ ಫೌಂಟನ್ ಎಂಬ ಸರಳ ಬರವಣಿಗೆ ವಿಧಾನದಲ್ಲಿಯೂ ಶೀರ್ಷಿಕೆ, ಲೇಖಕ, ಕರಡಿನ ದಿನಾಂಕ ಇವುಗಳ ಜೊತೆಗೆ ಸಂಪರ್ಕಕ್ಕೆಂದೇ ಒಂದು ಸಾಲನ್ನು ಗೊತ್ತುಮಾಡಲಾಗಿದೆ.

ಮೂಲೆಯಲ್ಲಿ ಯಾಕೆ ಎಂಬುದಕ್ಕೆ ಕಾರಣವಿದೆ. ಹಾಲಿವುಡ್ ಸ್ಟುಡಿಯೊಗಳಲ್ಲಿ ಬಂದ ಸ್ಕ್ರಿಪ್ಟನ್ನು ಮೊದಲು ಓದುವುದು ಸಂಬಳಕ್ಕಿರುವ ಓದುಗರು. ಅವರು ಚಿತ್ರದ ಹೆಸರು, ಲೇಖಕರು, ಪುಟಗಳ ಸಂಖ್ಯೆ, ಕಥೆಯ ಪ್ರಕಾರ, ಕಳಿಸಿದವರು ಯಾರು ಎಂಬುದನ್ನೆಲ್ಲ ಮೇಲೆ ನಮೂದಿಸಿ, ಕಥಾಸಾರ ಮತ್ತು ಅಭಿಪ್ರಾಯ ಬರೆದು, ಕೊನೆಗೆ ‘ಬೇಡ’, ‘ಪರಿಶೀಲಿಸಬಹುದು’, ‘ಶಿಫಾರಸು’ ಎಂಬ ಮೂರರಲ್ಲಿ ಒಂದನ್ನು ಗುರುತಿಸುತ್ತಾರೆ. ಈ ವರದಿ ಕಚೇರಿಯ ಕಡತದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದರ ತಲೆಬರಹಕ್ಕೆ ಬೇಕಾದ ಹೆಸರುಗಳನ್ನು ತೆಗೆದುಕೊಳ್ಳುವುದು ಮೊದಲ ಪುಟದಿಂದ. ಅಲ್ಲಿ ಹೆಸರಿನ ಕಾಗುಣಿತ ತಪ್ಪಿದರೆ ವರದಿಯಲ್ಲೂ ತಪ್ಪುತ್ತದೆ. ಎಲ್ಲ ಸ್ಕ್ರಿಪ್ಟ್‌ಗಳಲ್ಲೂ ಒಂದೇ ಜಾಗದಲ್ಲಿ ವಿವರ ಇದ್ದರೆ ಹುಡುಕುವ ಶ್ರಮವಿಲ್ಲ. ಪುಸ್ತಕದ ಬೆಲೆಯನ್ನು ನೋಡಲು ಕೈ ತಾನಾಗಿ ಹಿಂಬದಿಗೆ ಹೋಗುವಂತೆ, ಓದುಗರ ಕಣ್ಣು ಆ ಮೂಲೆಗೆ ಹೋಗುತ್ತದೆ.

ಇನ್ನು, ಆ ಸಾಲುಗಳಲ್ಲಿ ಏನಿರಬೇಕು? ಹೆಸರು, ಒಂದು ಫೋನ್ ನಂಬರ್, ಒಂದು ಇಮೇಲ್. ಇಷ್ಟು ಸಾಕು. ಮೂರು ನಂಬರ್, ಎರಡು ಇಮೇಲ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆ ಎಲ್ಲ ಪೇರಿಸಿದರೆ ಕರೆ ಮಾಡುವವರಿಗೆ ಯಾವುದನ್ನು ನೆಚ್ಚಬೇಕು ಎಂಬ ಗೊಂದಲ. ಹೆಸರಿನ ಮುಂದೆ ಪದವಿ, ಬಿರುದು, ಹಿಂದಿನ ಕಿರುಚಿತ್ರಗಳ ಪಟ್ಟಿ ಬೇಡ. ಅವಕ್ಕೆ ಜೊತೆಯಲ್ಲಿ ಕಳಿಸುವ ಪತ್ರದಲ್ಲಿ ಜಾಗವಿದೆ.

ಆಯ್ಕೆ ಮಾಡುವ ಫೋನ್ ನಂಬರ್ ಬಾಳಿಕೆ ಬರುವಂಥದ್ದಾಗಿರಬೇಕು. ಚಿತ್ರಕಥೆಗಳು ಬಹಳ ಕಾಲ ಕಾಯುತ್ತವೆ. ಡೇವಿಡ್ ವೆಬ್ ಪೀಪಲ್ಸ್ 1976ರಲ್ಲಿ ಬರೆದ ಚಿತ್ರಕಥೆ ‘ಅನ್‌ಫರ್ಗಿವನ್’ ಆಗಿ ತೆರೆಗೆ ಬಂದದ್ದು 1992ರಲ್ಲಿ. ಕ್ಲಿಂಟ್ ಈಸ್ಟ್‌ವುಡ್ ಅದನ್ನು ಕೊಂಡ ಮೇಲೂ ವರ್ಷಗಟ್ಟಲೆ ಇಟ್ಟುಕೊಂಡಿದ್ದರು. ಕೊನೆಗೆ ಅದು ಅತ್ಯುತ್ತಮ ಚಿತ್ರದ ಆಸ್ಕರ್ ಪಡೆಯಿತು. ಇಲ್ಲಿ ಭಾರತದಲ್ಲಿ ಬಳಕೆ ನಿಂತ ಮೊಬೈಲ್ ನಂಬರನ್ನು ಸಂಪರ್ಕ ಕಡಿದ 90 ದಿನಗಳ ನಂತರ ಕಂಪನಿ ಬೇರೊಬ್ಬರಿಗೆ ಕೊಡಬಹುದು. ರೀಚಾರ್ಜ್ ಮಾಡದೆ ಬಿಟ್ಟ ಎರಡನೇ ಸಿಮ್‌ನ ನಂಬರ್ ಸ್ಕ್ರಿಪ್ಟ್‌ನಲ್ಲಿ ಉಳಿದಿದ್ದರೆ, ವರ್ಷ ಕಳೆದು ಕರೆ ಮಾಡಿದ ನಿರ್ಮಾಪಕರಿಗೆ ಸಿಗುವುದು ಯಾರೋ ಅಪರಿಚಿತರು. ನಂಬರಿನ ಮುಂದೆ ದೇಶದ ಕೋಡ್, ಭಾರತದ್ದಾದರೆ +91, ಇರುವುದು ಒಳ್ಳೆಯದು. ಅಮೆರಿಕದಲ್ಲೋ ದುಬೈಯಲ್ಲೋ ನೆಲೆಸಿ ಕನ್ನಡದಲ್ಲಿ ಬರೆಯುವವರಿಗಂತೂ ಇದು ಕಡ್ಡಾಯವೆಂದೇ ಹೇಳಬೇಕು. ಯಾವ ಊರು ಎಂದು ಜೊತೆಗೆ ಬರೆದರೆ ಬೆಂಗಳೂರಿನ ಬೆಳಗ್ಗೆ ಹತ್ತು ಗಂಟೆಗೆ ಅಲ್ಲಿ ಎಷ್ಟು ಹೊತ್ತು ಎಂಬುದನ್ನು ಕರೆ ಮಾಡುವವರು ಲೆಕ್ಕ ಹಾಕಿಕೊಳ್ಳಬಹುದು.

ನಂಬರನ್ನು ಕನ್ನಡ ಅಂಕಿಗಳಲ್ಲಿ ಬರೆಯುವ ಆಸೆ ಸಹಜ, ನೋಡಲೂ ಚೆಂದ. ಆದರೆ ಪಿಡಿಎಫ್‌ನಲ್ಲಿರುವ ನಂಬರನ್ನು ಬೆರಳಿಂದ ಒತ್ತಿ ನೇರವಾಗಿ ಕರೆ ಮಾಡುವುದು ಈಗಿನ ರೂಢಿ. ಕನ್ನಡ ಅಂಕಿಗಳನ್ನು ಫೋನುಗಳು ಸಾಮಾನ್ಯವಾಗಿ ದೂರವಾಣಿ ಸಂಖ್ಯೆಯೆಂದು ಗುರುತಿಸುವುದಿಲ್ಲ. ಒಳಪುಟಗಳಲ್ಲಿ ದೃಶ್ಯಸಂಖ್ಯೆಗೆ ಕನ್ನಡ ಅಂಕಿ ಇರಲಿ, ಮೊದಲ ಪುಟದ ನಂಬರ್ ಮಾತ್ರ ಇಂಗ್ಲಿಷ್ ಅಂಕಿಗಳಲ್ಲಿ, ಐದು ಐದಾಗಿ ಬಿಡಿಸಿ ಬರೆದಿರಲಿ.

ಇಮೇಲ್ ವಿಳಾಸ ಬರೆದವರ ಹೆಸರಿಗೆ ಹತ್ತಿರವಾಗಿರಬೇಕು. ಕಾಲೇಜು ದಿನಗಳಲ್ಲಿ ನೆಚ್ಚಿನ ನಟರ ಹೆಸರು ಸೇರಿಸಿ ಮಾಡಿಕೊಂಡ ವಿಳಾಸಕ್ಕಿಂತ ಹೊಸದೊಂದನ್ನು ಮಾಡಿಕೊಳ್ಳುವುದು ಲೇಸು. ಕೆಲಸ ಮಾಡುವ ಕಂಪನಿಯ ಇಮೇಲ್ ಅಂತೂ ಬೇಡವೇ ಬೇಡ. ಕೆಲಸ ಬಿಟ್ಟ ದಿನವೇ ಅದು ಮುಚ್ಚಿಹೋಗುತ್ತದೆ. ಇದಕ್ಕಿಂತ ಗಂಭೀರವಾದ ಇನ್ನೊಂದು ಮಾತೂ ಇದೆ: ಉದ್ಯೋಗದ ಭಾಗವಾಗಿ ಮಾಡಿದ ಕೃತಿಯ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕರದು ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ರಾತ್ರಿ ಮನೆಯಲ್ಲಿ ಕುಳಿತು ಬರೆದ ಸ್ವಂತ ಕಥೆಯ ಮೇಲೆ ಕಚೇರಿಯ ವಿಳಾಸ ಅಚ್ಚೊತ್ತಿ ಇಲ್ಲದ ಪ್ರಶ್ನೆಯನ್ನು ಹುಟ್ಟಿಸಿಕೊಳ್ಳುವುದು ಯಾಕೆ? ಸ್ಕ್ರಿಪ್ಟ್‌ಗಾಗಿಯೇ ತೆರೆದ ಖಾತೆಯನ್ನು ಆಗಾಗ ಬಳಸುತ್ತಲೂ ಇರಬೇಕು. ಎರಡು ವರ್ಷ ಮುಟ್ಟದ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ತಂದಿದೆ.

ಇಮೇಲ್ ಬರೆಯುವ ರೀತಿಯಲ್ಲೂ ಸಣ್ಣ ಸಣ್ಣ ತೊಡಕುಗಳಿವೆ. ಕೊರಿಯರ್ ಅಕ್ಷರದಲ್ಲಿ ಒಂದು ಎಂಬ ಅಂಕಿಯೂ ಸಣ್ಣ ಎಲ್ ಅಕ್ಷರವೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ವರ್ಡ್‌ನಲ್ಲಿ ಇಮೇಲ್ ಟೈಪ್ ಮಾಡಿ ಸ್ಪೇಸ್ ಒತ್ತಿದರೆ ಅದು ತಾನಾಗಿ ನೀಲಿ ಬಣ್ಣಕ್ಕೆ ತಿರುಗಿ ಕೆಳಗೆ ಗೆರೆ ಬೀಳುತ್ತದೆ. ವಿಳಾಸದ ನಡುವೆ ಅಂಡರ್‌ಸ್ಕೋರ್ ಇದ್ದರೆ ಆ ಗೆರೆಯಲ್ಲಿ ಸೇರಿ ಕಾಣದಾಗುತ್ತದೆ. ಪ್ರಿಂಟ್ ನೋಡಿ ಟೈಪ್ ಮಾಡುವವರು ಅದನ್ನು ಖಾಲಿ ಜಾಗ ಎಂದುಕೊಳ್ಳುತ್ತಾರೆ, ಮೇಲ್ ವಾಪಸಾಗುತ್ತದೆ. ಗೆರೆಯನ್ನು ತೆಗೆದುಹಾಕಬೇಕು, ಸಾಧ್ಯವಾದರೆ ಅಂಡರ್‌ಸ್ಕೋರ್ ಇಲ್ಲದ, ಅಂಕಿಗಳಿಲ್ಲದ ವಿಳಾಸವನ್ನೇ ಆರಿಸಿಕೊಳ್ಳಬೇಕು.

ಕನ್ನಡದಲ್ಲಿ ಬರೆಯುವವರು ನಿಜಕ್ಕೂ ಎಚ್ಚರ ವಹಿಸಬೇಕಾದದ್ದು ಫಾಂಟ್ ವಿಷಯದಲ್ಲಿ. ನುಡಿ, ಬರಹಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರದ ತುಣುಕುಗಳು ಕುಳಿತಿರುತ್ತವೆ. ಇಡೀ ಪುಟವನ್ನು ಆಯ್ಕೆ ಮಾಡಿ ಅಂಥ ಫಾಂಟ್‌ಗೆ ಬದಲಿಸಿದರೆ ಕೆಳಮೂಲೆಯ ಇಮೇಲ್ ಕೂಡ ಬದಲಾಗಿ, ಅರ್ಧ ಒತ್ತಕ್ಷರ, ತುಂಡು ಕೊಂಬು, ದೀರ್ಘಗಳ ಸಾಲಾಗಿಬಿಡುತ್ತದೆ. ತಿರುಗಾಮುರುಗಾ ಕೂಡ ಆಗುತ್ತದೆ: ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಇಮೇಲ್ ಸರಿಯಾಗಿ ಕಾಣುತ್ತದೆ, ಚಿತ್ರದ ಹೆಸರು, ಲೇಖಕರ ಹೆಸರು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗುತ್ತವೆ. ಪಿಡಿಎಫ್ ಮಾಡಿ ಕಳಿಸಿದರೆ ಕಣ್ಣಿಗೆ ಎಲ್ಲ ಸರಿ ಕಂಡರೂ ಹೆಸರನ್ನು ಕಾಪಿ ಮಾಡಿ ಬೇರೆಡೆ ಅಂಟಿಸಿದಾಗ ಮತ್ತೆ ಅದೇ ಚಿಹ್ನೆಗಳು. ಆರು ತಿಂಗಳ ಮೇಲೆ ನಿರ್ದೇಶಕರು ಫೋನಿನಲ್ಲಿ ಲೇಖಕರ ಹೆಸರು ಹಾಕಿ ಹುಡುಕಿದರೆ ಸ್ಕ್ರಿಪ್ಟ್ ಸಿಗುವುದಿಲ್ಲ. ಪರಿಹಾರ ಸರಳ: ಕನ್ನಡಕ್ಕೆ ಯೂನಿಕೋಡ್ ಅಕ್ಷರ, ಇಮೇಲ್ ಮತ್ತು ನಂಬರಿಗೆ ಮಾಮೂಲಿ ಇಂಗ್ಲಿಷ್ ಫಾಂಟ್, ಕಳಿಸುವುದು ಪಿಡಿಎಫ್ ರೂಪದಲ್ಲಿ. ಕೊರಿಯರ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲದಿರುವುದರಿಂದ ಕನ್ನಡ ಪುಟ ಅಮೆರಿಕದ ಪುಟದಂತೆಯೇ ಕಾಣಬೇಕೆಂಬ ಹಟ ಬೇಡ. ಜಾಗ, ಅಂತರ, ಕ್ರಮ ಇಷ್ಟನ್ನು ಪಾಲಿಸಿದರೆ ಸಾಕು.

ಮೂಲೆಯ ಸಾಲುಗಳಲ್ಲಿ ಹೆಸರನ್ನು ಕನ್ನಡದ ಜೊತೆಗೆ ಇಂಗ್ಲಿಷ್ ಲಿಪಿಯಲ್ಲೂ ಕೊಡುವುದು ಉಪಯುಕ್ತ. ಲಕ್ಷ್ಮಿ ಎಂಬ ಒಂದೇ ಹೆಸರನ್ನು ಒಬ್ಬರು ಎಕ್ಸ್ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಕೆಎಸ್ಎಚ್ ಹಾಕಿ ಬರೆಯುತ್ತಾರೆ. ಕರಾರುಪತ್ರಕ್ಕೆ, ಚೆಕ್ಕಿಗೆ, ಕೊನೆಗೆ ತೆರೆಯ ಮೇಲಿನ ಇಂಗ್ಲಿಷ್ ಹೆಸರಿಗೆ ಯಾವ ಕಾಗುಣಿತ ಬೇಕು ಎಂಬುದು ಮೊದಲ ಪುಟದಲ್ಲೇ ಇತ್ಯರ್ಥವಾಗಿರುತ್ತದೆ. ಮುಂಬೈಯಲ್ಲೋ ಹೈದರಾಬಾದಿನಲ್ಲೋ ಕೂತು ಕನ್ನಡ ಕಥೆಗಳನ್ನು ತರಿಸಿಕೊಳ್ಳುವವರಲ್ಲಿ ಎಲ್ಲರಿಗೂ ಕನ್ನಡ ಲಿಪಿ ಬರುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಮನೆ ವಿಳಾಸ ಬೇಕೇ? ಸ್ಕ್ರಿಪ್ಟ್ ಅಂಚೆಯಲ್ಲಿ ಹೋಗಿ ಅಂಚೆಯಲ್ಲೇ ಮರಳುತ್ತಿದ್ದ ಕಾಲದಲ್ಲಿ ಅದು ಬೇಕಿತ್ತು. ಈಗ ಬೇಡ. ಸ್ಕ್ರಿಪ್ಟ್ ಎಷ್ಟು ಜನರ ಫೋನ್ ಸೇರುತ್ತದೆ ಎಂಬುದು ಬರೆದವರ ಹಿಡಿತದಲ್ಲಿಲ್ಲ. ಮನೆ ನಂಬರ್, ರಸ್ತೆ, ಅಡ್ಡರಸ್ತೆ ಸಮೇತ ವಿಳಾಸವನ್ನು ಹಾಗೆ ತೇಲಿಬಿಡುವುದು ಕ್ಷೇಮವಲ್ಲ. ಹೊಸಬರು, ಅದರಲ್ಲೂ ಒಂಟಿಯಾಗಿ ವಾಸಿಸುವ ಲೇಖಕಿಯರು, ಊರಿನ ಹೆಸರಷ್ಟನ್ನೇ ಬರೆಯುವುದು ಸರಿ. ಫೋನ್ ನಂಬರ್ ಕೂಡ ಬೇಡವೆನಿಸಿದರೆ ಇಮೇಲ್ ಒಂದೇ ಸಾಕು. ಅದರಿಂದ ಸ್ಕ್ರಿಪ್ಟ್‌ನ ಗೌರವಕ್ಕೆ ಯಾವ ಕುಂದೂ ಇಲ್ಲ.

ಏಜೆಂಟ್ ಇದ್ದರೆ ಕಥೆ ಬೇರೆ. ಅಮೆರಿಕದಲ್ಲಿ ಏಜೆಂಟ್, ಮ್ಯಾನೇಜರ್ ಅಥವಾ ವಕೀಲರನ್ನು ಹೊಂದಿದ ಲೇಖಕರು ತಮ್ಮ ನಂಬರ್ ಬದಲು ಅವರ ಹೆಸರು, ಸಂಸ್ಥೆ, ನಂಬರ್ ಹಾಕುತ್ತಾರೆ. ಅಲ್ಲಿನ ದೊಡ್ಡ ಸ್ಟುಡಿಯೊಗಳು ಕೇಳದೆ ಬಂದ ಸ್ಕ್ರಿಪ್ಟನ್ನು ತೆರೆಯುವುದೇ ಇಲ್ಲ. ನೆಟ್‌ಫ್ಲಿಕ್ಸ್ ಕೂಡ ಏಜೆಂಟ್ ಅಥವಾ ಪರಿಚಿತ ನಿರ್ಮಾಪಕ, ವಕೀಲರ ಮೂಲಕ ಬಂದದ್ದನ್ನಷ್ಟೇ ಸ್ವೀಕರಿಸುತ್ತದೆ. ಕೃತಿಚೌರ್ಯದ ಆರೋಪದಿಂದ ದೂರ ಉಳಿಯುವುದು ಅವರ ಉದ್ದೇಶ. ಕನ್ನಡ ಚಿತ್ರರಂಗದ ಕೇಂದ್ರವಾದ ಗಾಂಧಿನಗರದಲ್ಲಿ ಈ ಪದ್ಧತಿ ಬೇರೂರಿಲ್ಲ. ಇಲ್ಲಿ ಪರಿಚಯದ ಮೇಲೆ ಭೇಟಿ, ಎದುರು ಕೂತು ಕಥೆ ಹೇಳುವ ನರೇಷನ್, ಆಮೇಲೆ ಬೌಂಡ್ ಸ್ಕ್ರಿಪ್ಟ್. ಕಥೆ ಕೇಳಿದವರ ಮೇಜಿನ ಮೇಲೆ ಉಳಿಯುವುದು ಹಲವು ವೇಳೆ ಒನ್‌ಲೈನ್, ಅಂದರೆ ದೃಶ್ಯಗಳ ಸಂಕ್ಷಿಪ್ತ ಕ್ರಮ, ಇರುವ ನಾಲ್ಕು ಹಾಳೆ ಮಾತ್ರ. ಹಾಗಾಗಿ ಒನ್‌ಲೈನ್‌ಗೂ ಕಥಾಸಾರಕ್ಕೂ ಇದೇ ಮೂಲೆ, ಇದೇ ಸಾಲುಗಳು ಬೇಕು. ಪೂರ್ತಿ ಚಿತ್ರಕಥೆಗೆ ವಿವರ ಹಾಕಿ, ಮೊದಲು ಕೈಸೇರುವ ಆ ನಾಲ್ಕು ಹಾಳೆಯನ್ನು ಅನಾಮಧೇಯವಾಗಿ ಬಿಡುವವರು ಬಹಳ.

ಇಬ್ಬರು ಸೇರಿ ಬರೆದಿದ್ದರೆ ಇಬ್ಬರ ವಿವರವನ್ನೂ ಎಡ, ಬಲ ಮೂಲೆಗಳಲ್ಲಿ ಹಾಕಬಹುದು. ಒಬ್ಬರೇ ಮಾತುಕತೆ ನಡೆಸುವುದೆಂದು ಮೊದಲೇ ಒಪ್ಪಿಕೊಂಡಿದ್ದರೆ ಅವರದಷ್ಟೇ ಸಾಕು. ಹೆಸರುಗಳ ನಡುವಿನ ಕೊಂಡಿಗೂ ಅಮೆರಿಕದಲ್ಲಿ ಅರ್ಥವಿದೆ. ರೈಟರ್ಸ್ ಗಿಲ್ಡ್ ನಿಯಮದಂತೆ ಆಂಪರ್ಸ್ಯಾಂಡ್ (&) ಚಿಹ್ನೆ ಇದ್ದರೆ ಇಬ್ಬರೂ ಜೋಡಿಯಾಗಿ ಬರೆದದ್ದು, ‘ಆ್ಯಂಡ್’ ಎಂಬ ಪದವಿದ್ದರೆ ಒಬ್ಬರ ನಂತರ ಒಬ್ಬರು ಬೇರೆ ಬೇರೆಯಾಗಿ ಬರೆದದ್ದು. ಕನ್ನಡದ ‘ಮತ್ತು’ ಈ ಭೇದವನ್ನು ತಿಳಿಸುವುದಿಲ್ಲ. ಆದ್ದರಿಂದ ಕಥೆ ಯಾರದು, ಚಿತ್ರಕಥೆ ಯಾರದು, ಸಂಭಾಷಣೆ ಯಾರದು ಎಂದು ಬಿಡಿಸಿ ಬರೆಯುವ ಇಲ್ಲಿನ ರೂಢಿಯೇ ಹೆಚ್ಚು ಸ್ಪಷ್ಟ. ಕೃತಿಯೊಂದನ್ನು ಆಧರಿಸಿದ್ದರೆ ಮೂಲದ ಹೆಸರೂ ಲೇಖಕರ ಹೆಸರೂ ಬರಬೇಕು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ 1972ರಲ್ಲಿ ‘ನಾಗರಹಾವು’ ಮಾಡಿದಂಥ ಸಂದರ್ಭದಲ್ಲಾದರೆ ಮೂರರ ಹೆಸರೂ ಬೇಕಾಗುತ್ತದೆ.

ಸಂಪರ್ಕ ವಿವರದ ಪಕ್ಕದಲ್ಲಿ ನೋಂದಣಿ ಸಂಖ್ಯೆ, ಹಕ್ಕುಗಳನ್ನು ಕಾದಿರಿಸಿದೆ ಎಂಬ ಒಕ್ಕಣೆ ಹಾಕುವವರಿದ್ದಾರೆ. ಭಾರತದಲ್ಲಿ ಕೃತಿಸ್ವಾಮ್ಯ ಬರವಣಿಗೆ ಕಾಗದದ ಮೇಲೆ ಮೂಡಿದ ಕ್ಷಣದಿಂದಲೇ ಇರುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೆ ಕೃತಿಸ್ವಾಮ್ಯ ಕಚೇರಿಯ ದಾಖಲೆಗೆ ನ್ಯಾಯಾಲಯದಲ್ಲಿ ಮೇಲ್ನೋಟದ ಸಾಕ್ಷ್ಯವೆಂಬ ಬೆಲೆಯಿದೆ. ಹಿಂದೆ ಫಿಲ್ಮ್ ರೈಟರ್ಸ್ ಅಸೋಸಿಯೇಷನ್ ಎಂದಿದ್ದ ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಕೂಡ ತನ್ನ ಸದಸ್ಯರ ಬರವಣಿಗೆಯನ್ನು ನೋಂದಾಯಿಸಿಕೊಳ್ಳುತ್ತದೆ. ಸಂಖ್ಯೆ ಪುಟದ ಮೇಲೆ ಇದ್ದರೂ ಇಲ್ಲದಿದ್ದರೂ ರಕ್ಷಣೆ ಅಷ್ಟೇ. ಹಾಲಿವುಡ್‌ನಲ್ಲಿ ಅದನ್ನು ಹೊಸಬರ ಆತಂಕದ ಗುರುತಾಗಿ ನೋಡುತ್ತಾರೆ. ಇಲ್ಲಿ ಹಾಗೆ ನೋಡುವವರು ಕಡಿಮೆ, ಆದ್ದರಿಂದ ಬೇಕೆನಿಸಿದರೆ ಸಂಪರ್ಕದ ಸಾಲುಗಳ ಕೆಳಗೆ ಸಣ್ಣದಾಗಿ ಒಂದು ಸಾಲು ಹಾಕಬಹುದು. ಕದ್ದರೆ ಕಾನೂನು ಕ್ರಮ ಎಂಬಂಥ ದಪ್ಪಕ್ಷರದ ಎಚ್ಚರಿಕೆ ಮಾತ್ರ ಓದಲು ಕೂತವರನ್ನು ಮೊದಲ ಪುಟದಲ್ಲೇ ಆರೋಪಿಯ ಜಾಗದಲ್ಲಿ ನಿಲ್ಲಿಸುತ್ತದೆ. ಇನ್ನು ಚಿತ್ರದ ಶೀರ್ಷಿಕೆಯೊಂದಕ್ಕೇ ಪ್ರತ್ಯೇಕವಾಗಿ ಕೃತಿಸ್ವಾಮ್ಯವಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ, ‘ದೇಸಿ ಬಾಯ್ಸ್’ ಚಿತ್ರಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ, ಹೇಳಿದೆ. ಹೆಸರನ್ನು ಕಾಯ್ದಿರಿಸುವ ಕೆಲಸ ನಿರ್ಮಾಪಕರು ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಮಾಡಿಸುವಂಥದ್ದು. ಕರಡಿನ ದಿನಾಂಕ, ‘ಏಳನೇ ಕರಡು’ ಎಂಬ ನಮೂದು ಹೊರಗೆ ಕಳಿಸುವ ಪ್ರತಿಯಲ್ಲಿ ಬೇಡ. ಮೂರು ವರ್ಷದ ಹಿಂದಿನ ದಿನಾಂಕ ಕಂಡರೆ ಇದು ಎಲ್ಲರೂ ಬೇಡವೆಂದ ಕಥೆ ಎಂಬ ಅನಿಸಿಕೆ ಓದುವ ಮೊದಲೇ ಬರುತ್ತದೆ.

ವಿವರ ಹಾಕಲೇಬಾರದ ಸಂದರ್ಭವೂ ಒಂದಿದೆ: ಸ್ಪರ್ಧೆಗಳು. ಆಸ್ಕರ್ ಕೊಡುವ ಅಕಾಡೆಮಿ 1980ರ ದಶಕದಿಂದ ನಡೆಸುತ್ತ ಬಂದ ನಿಕೊಲ್ ಫೆಲೋಶಿಪ್ ಸ್ಪರ್ಧೆಯಂಥವು ಲೇಖಕರ ಹೆಸರು ಗೊತ್ತಾಗದಂತೆ ಓದಿಸುವ ಪದ್ಧತಿಗೆ ಹೆಸರಾದವು. ಅಂಥ ಕಡೆ ಮೊದಲ ಪುಟದಲ್ಲಿ ಚಿತ್ರದ ಹೆಸರು ಮಾತ್ರ. ಉಳಿದದ್ದು ಅರ್ಜಿ ನಮೂನೆಯಲ್ಲಿ. ನಿಯಮಾವಳಿಯಲ್ಲಿ ಈ ಷರತ್ತನ್ನು ಕಾಣದೆ ಕಳಿಸಿ ಅನರ್ಹರಾಗುವವರು ಪ್ರತಿವರ್ಷ ಇರುತ್ತಾರೆ. ಪುಟದಿಂದ ಅಳಿಸಿದರೆ ಮುಗಿಯಲಿಲ್ಲ. ಪಿಡಿಎಫ್‌ನ ‘ಪ್ರಾಪರ್ಟೀಸ್’ ತೆರೆದರೆ ‘ಆಥರ್’ ಎಂಬ ಕಡೆ ಕಂಪ್ಯೂಟರ್ ಮಾಲೀಕರ ಹೆಸರು ತಾನಾಗಿ ಕುಳಿತಿರುತ್ತದೆ. ಫೈಲಿನ ಹೆಸರಿನಲ್ಲಿ, ಪುಟಗಳ ಮೇಲಂಚಿನಲ್ಲಿ, ಎಲ್ಲ ಪುಟದ ಹಿನ್ನೆಲೆಯಲ್ಲಿ ಮಸುಕಾಗಿ ಹಾಕಿದ ಮುದ್ರೆಯಲ್ಲಿ ಕೂಡ ಹೆಸರು ಉಳಿದಿರಬಹುದು. ಸ್ಪರ್ಧೆಗೆಂದೇ ಬೇರೆ ಪ್ರತಿ ಮಾಡಿಟ್ಟುಕೊಳ್ಳುವುದು ಕ್ಷೇಮ.

ಉಳಿದೆಲ್ಲ ಕಡೆ ಫೈಲಿನ ಹೆಸರು ಎರಡನೇ ಮೊದಲ ಪುಟದಂತೆ ಕೆಲಸ ಮಾಡುತ್ತದೆ. ನಿರ್ಮಾಣ ಕಚೇರಿಯ ಮ್ಯಾನೇಜರ್ ಫೋನಿನಲ್ಲಿ ‘ಸ್ಕ್ರಿಪ್ಟ್ ಫೈನಲ್’, ‘ಸ್ಕ್ರಿಪ್ಟ್ ಫೈನಲ್ ಹೊಸದು’ ಎಂಬ ಆರೇಳು ಫೈಲುಗಳು ಒಂದರ ಕೆಳಗೊಂದು ಇರುತ್ತವೆ. ಚಿತ್ರದ ಹೆಸರು, ಲೇಖಕರ ಹೆಸರು ಇವೆರಡನ್ನೇ ಫೈಲಿಗೆ ಇಟ್ಟರೆ ತೆರೆಯದೆಯೇ ಗುರುತು ಸಿಗುತ್ತದೆ. ಪ್ರಿಂಟ್ ಮಾಡಿಸಿ ಸ್ಪೈರಲ್ ಹಾಕಿಸುವಾಗ ಅಂಗಡಿಯವರು ಎಡ ಅಂಚಿನಲ್ಲಿ ತೂತು ಹೊಡೆಯುತ್ತಾರೆ. ಒಂದೂವರೆ ಇಂಚು ಎಡ ಅಂಚು ಬಿಟ್ಟಿರದಿದ್ದರೆ ತೂತು ಬೀಳುವುದು ನೇರವಾಗಿ ಇಮೇಲ್‌ನ ಮೊದಲ ಅಕ್ಷರಗಳ ಮೇಲೆ. ಮೇಲ್ತುದಿಯಲ್ಲಿ ‘ಶ್ರೀ’ ಬರೆಯುವ ಪದ್ಧತಿ ಇದ್ದವರು ಬರೆಯಲಿ, ಅದರಿಂದ ಯಾವ ಅಡ್ಡಿಯೂ ಇಲ್ಲ. ಸ್ಕ್ರಿಪ್ಟ್ ಪೂಜೆಗೆ ಇಡುವ ಪ್ರತಿಯನ್ನು ಮಾತ್ರ ಬೇರೆ ಮಾಡಿಕೊಳ್ಳಬೇಕು, ಅರಿಸಿನ ಕುಂಕುಮ ಬೀಳುವುದು ಈ ಪುಟದ ಮೇಲೆಯೇ.

ನಂಬರ್ ಬದಲಾದರೆ ಹಳೆಯ ಪ್ರತಿಗಳು ಹೊರಗೆ ಓಡಾಡುತ್ತಲೇ ಇರುತ್ತವೆ. ಯಾರಿಗೆ, ಯಾವ ದಿನ, ಯಾವ ಪ್ರತಿ ಕಳಿಸಿದ್ದು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡವರು ಅವರೆಲ್ಲರಿಗೂ ತಿದ್ದಿದ ಪ್ರತಿಯನ್ನು ಕಳಿಸಬಹುದು. ಹಾಗೆ ಬರೆದಿಡದವರಿಗೆ ಬದಲಾಗದ ಇಮೇಲ್ ಒಂದೇ ಗತಿ. ಕಳಿಸುವ ಮೊದಲು ಬೇರೆಯವರ ಫೋನಿನಲ್ಲಿ ಪಿಡಿಎಫ್ ತೆರೆದು, ಅಲ್ಲಿ ಕಾಣುವ ನಂಬರಿಗೆ ಒಮ್ಮೆ ಕರೆ ಮಾಡಿಸಿ, ಅಲ್ಲಿ ಕಾಣುವ ಇಮೇಲ್‌ಗೆ ಒಂದು ಸಾಲು ಕಳಿಸಿ ನೋಡಲು ಎರಡು ನಿಮಿಷ ಸಾಕು.

ಚಿತ್ರಕಥೆ ಮಾರಾಟವಾಗಿ ಚಿತ್ರೀಕರಣಕ್ಕೆ ಸಿದ್ಧವಾದ ಮೇಲೆ ಈ ಮೂಲೆ ಕೈಬದಲಾಗುತ್ತದೆ. ಲೇಖಕರ ನಂಬರ್ ಇದ್ದ ಕಡೆ ನಿರ್ಮಾಣ ಸಂಸ್ಥೆಯ ಹೆಸರು, ವಿಳಾಸ ಬರುತ್ತದೆ. ಹಾಲಿವುಡ್‌ನಲ್ಲಾದರೆ ತಿದ್ದುಪಡಿಯ ಪ್ರತಿ ಸುತ್ತಿಗೂ ನೀಲಿ, ಗುಲಾಬಿ, ಹಳದಿ, ಹಸಿರು ಎಂದು ಬಣ್ಣದ ಹಾಳೆಗಳಿದ್ದು, ಯಾವ ಬಣ್ಣ ಯಾವ ದಿನದ್ದು ಎಂಬ ಪಟ್ಟಿಯೂ ಇದೇ ಪುಟದಲ್ಲಿ ಸೇರುತ್ತದೆ. ಅಂಥ ಪ್ರತಿ ಕೈಗೆ ಬಂದಾಗ ಲೇಖಕರು ಮೂಲೆಯನ್ನು ಬಿಟ್ಟು ಪುಟದ ನಡುಭಾಗವನ್ನು ನೋಡಬೇಕು. ಕಥೆ, ಚಿತ್ರಕಥೆ, ಸಂಭಾಷಣೆಯ ಸಾಲುಗಳಲ್ಲಿ ಹೆಸರು ಒಪ್ಪಂದದಲ್ಲಿರುವಂತೆಯೇ ಇದೆಯೇ, ಹೊಸದಾಗಿ ಯಾರದಾದರೂ ಸೇರಿದೆಯೇ ಎಂದು ಪರಿಶೀಲಿಸಿ, ವ್ಯತ್ಯಾಸ ಕಂಡರೆ ಅದೇ ದಿನ ಬರವಣಿಗೆಯಲ್ಲಿ ತಿಳಿಸಬೇಕು.